ಅರವತ್ತಮೂರನೆಯ ತಲೆ

ನನ್ನ ಹೆಸರು ಕ್ರಿಶ್ಚಿಯನ್. ಇದು ನನಗಾಗಿ ಇಟ್ಟ ಹೆಸರಲ್ಲ, ಒಂದು ಹೊಗೆಮನೆಗಾಗಿ ಇಟ್ಟದ್ದು. ಹುಟ್ಟಿದ ಮೂರನೆಯ ವಾರಕ್ಕೇ ನನಗೆ ಪಟ್ಟ ನಿಶ್ಚಯವಾಯಿತು, ಇಪ್ಪತ್ತೆರಡನೆಯ ವಯಸ್ಸಿಗೆ ಕೈತಪ್ಪಿತು. ತಪ್ಪಿಸಿದವಳು ನನ್ನ ದೊಡ್ಡಪ್ಪನ ಹಿರಿಮಗಳು ಡಾಗ್ಮಾರ್. ಅವಳ ಕಥೆ ಹೇಳಲು ಬೋರ್ನ್‌ಹೋಮ್ ದ್ವೀಪದಲ್ಲಿ ನನಗಿಂತ ಯೋಗ್ಯರು ಯಾರೂ ಇಲ್ಲ. ಗೆದ್ದವರೇ ಹೇಳಿಕೊಂಡರೆ ಜಂಬವಾಗುತ್ತದೆ, ಸೋತವನು ಹೇಳಿದರೆ ಜನ ಕಾಫಿ ಕೊಟ್ಟು ಕೇಳುತ್ತಾರೆ.

ನಮ್ಮ ದೇಶದ ಸಿಂಹಾಸನಕ್ಕೆ ಒಂದು ಚಾಳಿ ಇದೆ. ನಾನೂರು ವರ್ಷಗಳಿಂದ ಒಬ್ಬ ಕ್ರಿಶ್ಚಿಯನ್ ಆದಮೇಲೆ ಒಬ್ಬ ಫ್ರೆಡೆರಿಕ್, ಅವನಾದ ಮೇಲೆ ಮತ್ತೊಬ್ಬ ಕ್ರಿಶ್ಚಿಯನ್. ನಮ್ಮ ಮುತ್ತಜ್ಜ ಬಂದರಿನ ಪಕ್ಕ ಮೂರು ಚಿಮಣಿಯ ಹೊಗೆಮನೆ ಕಟ್ಟಿ ಹೆರಿಂಗ್ ಮೀನು ಹೊಗೆಯಾಡಿಸಿ ಮಾರಲು ಶುರುಮಾಡಿದಾಗ, ಅರಮನೆಗೆ ಒಪ್ಪಿದ್ದು ನಮಗೂ ಒಪ್ಪುತ್ತದೆ ಎಂದು ಅದೇ ಚಾಳಿಯನ್ನು ಮನೆಗೆ ತಂದ. ಬಾಗಿಲ ಮೇಲಿನ ಹಲಗೆಯಲ್ಲಿ ‘ಪೀಲ್ ಹೊಗೆಮನೆ’ ಎಂದು ಕೊರೆದಿತ್ತು. ಅದರ ಮುಂದೆ ಒಂದು ಕೊಕ್ಕೆ. ಕೊಕ್ಕೆಗೆ ಕಬ್ಬಿಣದ ಒಂದು ಅಕ್ಷರ. ಯಜಮಾನ ಕ್ರಿಶ್ಚಿಯನ್ ಆದರೆ ಸಿ, ಫ್ರೆಡೆರಿಕ್ ಆದರೆ ಎಫ್. ಕೆಲಸವಿಲ್ಲದ ಅಕ್ಷರ ಉಪ್ಪಿನ ಪೆಟ್ಟಿಗೆಯಲ್ಲಿ ತನ್ನ ಸರದಿಗೆ ಕಾಯುತ್ತಿತ್ತು. ಹೀಗಾಗಿ ನಮ್ಮ ವಂಶದಲ್ಲಿ ಬಣ್ಣ ಬಳಿಯುವವನಿಗೆ ಕೆಲಸವೇ ಇರಲಿಲ್ಲ.

ದೊಡ್ಡಪ್ಪ ಫ್ರೆಡೆರಿಕ್ ಕಾಲದಲ್ಲಿ ಕೊಕ್ಕೆಯಲ್ಲಿ ಎಫ್ ತೂಗುತ್ತಿತ್ತು. ಅವನಿಗೆ ರಾಜಮನೆತನವೆಂದರೆ ಪ್ರಾಣ. ಗಾದೆ ಹೇಳಬೇಕಾದ ಕಡೆಯೆಲ್ಲ ರಾಜರನ್ನು ಹೇಳುತ್ತಿದ್ದ. ಯಾರಿಗಾದರೂ ಕಣ್ಣುನೋವು ಬಂದರೆ, ನಾಲ್ಕನೇ ಕ್ರಿಶ್ಚಿಯನ್ ಸಮುದ್ರಯುದ್ಧದಲ್ಲಿ ಒಂದು ಕಣ್ಣೇ ಕಳಕೊಂಡ, ಹಡಗಿಳಿದನೇ ಎಂದು ಕೇಳುತ್ತಿದ್ದ. ರಾಜನ ತೋಳಿನಲ್ಲಿ ಹಚ್ಚೆ ಇದೆ ಎಂದು ಪತ್ರಿಕೆಯಲ್ಲಿ ನೋಡಿ, ಐವತ್ತು ದಾಟಿದ ಮೇಲೆ ತಾನೂ ಬಂದರಿನಲ್ಲಿ ಲಂಗರಿನ ಹಚ್ಚೆ ಹಾಕಿಸಿಕೊಂಡ. ಅದು ಕೀವಾಗಿ ಹದಿನೈದು ದಿನ ಜ್ವರದಲ್ಲಿ ಮಲಗಿದ. ಗುಣವಾದಾಗ ಲಂಗರು ಹೋಗಿ ಆಲೂಗಡ್ಡೆಯ ಆಕಾರವಾಗಿತ್ತು.

ಇಂಥವನಿಗೆ ದೇವರು ಕೊಟ್ಟದ್ದು ಮೂವರು ಹೆಣ್ಣುಮಕ್ಕಳನ್ನು. ಅರಮನೆಯ ಹೆಸರುಗಳನ್ನೇ ಹುಡುಕಿ ಡಾಗ್ಮಾರ್, ತ್ಯೂರಾ, ಇಂಗೆಬೋರ್ಗ್ ಎಂದು ಇಟ್ಟ. ಮೂರನೆಯದರ ನಂತರ ಇನ್ನು ಸಾಕು ಎಂದು ಡಾಕ್ಟರು ದೊಡ್ಡಮ್ಮ ಓಲ್ಗಾಗೆ ಕೈಮುಗಿದು ಹೇಳಿದರು. ಮರುವರ್ಷ ಅವನ ತಮ್ಮನ ಮನೆಯಲ್ಲಿ, ಅಂದರೆ ನಮ್ಮ ಮನೆಯಲ್ಲಿ, ನಾನು ಹುಟ್ಟಿದೆ. ಅಮ್ಮ ನನಗೆ ಐಲರ್ ಎಂಬ ಹೆಸರು ಆರಿಸಿಟ್ಟಿದ್ದಳು. ಇಗರ್ಜಿಯಲ್ಲಿ ಪಾದ್ರಿ ಹೆಸರೇನು ಎಂದು ಕೇಳುತ್ತಲೇ ಹಿಂದಿನ ಸಾಲಿನಿಂದ ದೊಡ್ಡಪ್ಪ ಎದ್ದು ಕ್ರಿಶ್ಚಿಯನ್ ಎಂದ. ಅಪ್ಪ ಐನರ್‌ಗೆ ಮೂರು ಚಿಮಣಿ ಕಣ್ಣಮುಂದೆ ಬಂದು ಬಾಯಿ ಮುಚ್ಚಿಹೋಯಿತು. ಅಮ್ಮ ಸಾಯುವತನಕ ಅಡುಗೆಮನೆಯಲ್ಲಿ ನನ್ನನ್ನು ಐಲರ್ ಎಂದೇ ಕರೆದಳು.

ನಾನು ಹೊಗೆಮನೆಗೆ ಹುಟ್ಟಿದವನೇ ಅಲ್ಲ. ಹೊಗೆ ಕಂಡರೆ ಕೆಮ್ಮು, ಮೀನು ಕಂಡರೆ ನಿದ್ದೆ. ಒಮ್ಮೆ ನಡುವಿನ ಒಲೆಯನ್ನು ನನ್ನ ಕೈಗೆ ಬಿಟ್ಟು ಹೋದರು. ನಾನು ಗೋಡೆ ಗಡಿಯಾರದ ಲೋಲಕ ಯಾಕೆ ಎಡಕ್ಕೆ ಎಳೆಯುತ್ತಿದೆ ಎಂದು ನೋಡುತ್ತ ನಿಂತೆ. ಮುನ್ನೂರು ಹೆರಿಂಗ್ ಇದ್ದಿಲಾದವು. ಡಾಗ್ಮಾರ್ ಅಕ್ಕ ಹಾಗಲ್ಲ. ಒಳಗೆ ಬೆಂಕಿ ಎಷ್ಟು ಎದ್ದಿದೆ ಎಂದು ಹೊರಗೆ ನಿಂತು ಸದ್ದಿನಲ್ಲೇ ಹೇಳುತ್ತಿದ್ದಳು. ಆಲ್ಡರ್ ಸೌದೆಯ ಉರಿ ಮೇಲೇಳುವ ಮೊದಲೇ ಉದ್ದ ಕೋಲಿನ ತುದಿಯ ಒದ್ದೆ ಬಟ್ಟೆಯಿಂದ ಅದನ್ನು ತಟ್ಟಿ ಮಲಗಿಸುತ್ತಿದ್ದಳು. ಅವಳ ಕೈಯಲ್ಲಿ ಮೀನು ಹೊನ್ನಿನ ಬಣ್ಣಕ್ಕೆ ಬರುತ್ತಿತ್ತು. ಅವಳಿಗೆ ಇದ್ದ ತಕರಾರು ಒಂದೇ: ಉಪ್ಪು ಹೆಚ್ಚು. ಹಳೆಯ ಅಳತೆಯಲ್ಲಿ ಕಾಲುಭಾಗ ಕಡಿಮೆ ಮಾಡಬೇಕು ಎಂದು ಹತ್ತು ವರ್ಷದಿಂದ ಹೇಳುತ್ತಿದ್ದಳು. ಅಳತೆ ಮುತ್ತಜ್ಜನದು, ಮುಟ್ಟಬೇಡ ಎಂದು ದೊಡ್ಡಪ್ಪ ಹತ್ತು ವರ್ಷದಿಂದ ಗದರುತ್ತಿದ್ದ.

ಇನ್ನೊಂದು ವಿಷಯ ಇಲ್ಲಿ ಹೇಳಿಬಿಡುತ್ತೇನೆ. ದೊಡ್ಡಪ್ಪ ಹೆರಿಂಗ್ ತಿಂದದ್ದನ್ನು ನಾನು ನೋಡಿರಲಿಲ್ಲ. ಮಾರುವವನು ತಿನ್ನಲು ಕೂತರೆ ವ್ಯಾಪಾರ ಉಳಿಯುತ್ತದೆಯೇ ಎಂದು ನಗುತ್ತಿದ್ದ, ನಾವೂ ನಗುತ್ತಿದ್ದೆವು. ಮಧ್ಯಾಹ್ನಕ್ಕೆ ಅವನ ರೈ ರೊಟ್ಟಿಯ ಮೇಲೆ ಯಾವಾಗಲೂ ಹಂದಿಯ ಲಿವರ್ ಪೇಸ್ಟೇ ಇರುತ್ತಿತ್ತು.

ಸಾವಿರದ ಒಂಬೈನೂರ ಐವತ್ತಮೂರು ಬಂತು. ರಾಜನಿಗೂ ಮೂವರು ಹೆಣ್ಣುಮಕ್ಕಳೇ. ಗಂಡುಮಗನಿಲ್ಲದಿದ್ದರೆ ಮಗಳೂ ಸಿಂಹಾಸನ ಏರಬಹುದು ಎಂದು ಕಾನೂನು ತಿದ್ದಲು ಮೇ ತಿಂಗಳ ಕೊನೆಗೆ ದೇಶವೆಲ್ಲ ಮತ ಹಾಕಬೇಕಿತ್ತು. ಅದರಲ್ಲಿ ಒಂದು ತೊಡಕು ಇತ್ತು. ಮತದ ಹಕ್ಕಿದ್ದವರಲ್ಲಿ ನೂರಕ್ಕೆ ನಲವತ್ತೈದು ಮಂದಿಯಾದರೂ ಎದ್ದು ಬಂದು ಹೌದು ಎನ್ನಬೇಕು. ಮನೆಯಲ್ಲಿ ಕೂತವರೆಲ್ಲ ಬೇಡ ಎಂದ ಲೆಕ್ಕವೇ. ಹಕ್ಕು ಇದ್ದದ್ದು ಇಪ್ಪತ್ತೈದು ದಾಟಿದವರಿಗೆ.

ದೊಡ್ಡಪ್ಪನ ನಿದ್ದೆ ಹಾರಿಹೋಯಿತು. ನಮ್ಮ ಬಂದರಿನವರು ಗಾಳಿ ಚೆನ್ನಾಗಿದ್ದರೆ ದೋಣಿ ಹತ್ತುವವರು, ಕೆಟ್ಟಿದ್ದರೆ ಮಲಗುವವರು. ಮತ ಹಾಕಲು ಯಾವ ಗಾಳಿಯೂ ಸರಿಯಲ್ಲ. ಮನೆಮನೆಗೆ ಹೋಗಿ ಭಾಷಣ ಬಿಗಿದ. ಹೆಣ್ಣು ಆಳಿದರೆ ಏನು ಕೆಟ್ಟುಹೋಯಿತು, ಹಿಂದೆ ಮಾರ್ಗರೇಟೆ ಒಬ್ಬಳೇ ಮೂರು ರಾಜ್ಯ ಆಳಲಿಲ್ಲವೇ ಎಂದು ಮೇಜು ಕುಟ್ಟಿದ. ಕೊನೆಗೆ ಶಾಲೆಯಲ್ಲಿ ಮತ ಹಾಕಿ ಬಂದವರಿಗೆಲ್ಲ ಹೊಗೆಮನೆಯ ಕಿಟಕಿಯಲ್ಲಿ ಒಂದೊಂದು ಬಿಸಿ ಹೆರಿಂಗ್ ಪುಕ್ಕಟೆ ಎಂದು ಸಾರಿದ. ಯಾವ ಮತ ಎಂದು ಕೇಳುವುದಿಲ್ಲ, ನಡೆದು ಬಂದ ಕಾಲಿಗೆ ಮರ್ಯಾದೆ ಅಷ್ಟೇ ಎಂದೂ ಸೇರಿಸಿದ.

ಮತದಾನದ ಹಿಂದಿನ ದಿನ ಮೀನನ್ನು ಸಲಾಕೆಗೆ ಪೋಣಿಸುತ್ತಿದ್ದಾಗ ಅಕ್ಕ ಕೇಳಿದಳು.

“ಅಪ್ಪ, ಮಾರ್ಗರೇಟೆ ಎಷ್ಟು ರಾಜ್ಯ ಆಳಿದ್ದು ಅಂದೆ?”

“ಮೂರು.”

“ಇಲ್ಲಿರೋದು ಎಷ್ಟು ಒಲೆ?”

ದೊಡ್ಡಪ್ಪ ಎಣಿಸಲು ಹೋಗಲಿಲ್ಲ. ಮಾತು ಎಲ್ಲಿಗೆ ಹೋಗುತ್ತಿದೆ ಎಂದು ಅವನಿಗೆ ತಿಳಿಯಿತು. ಅರಮನೆ ಬೇರೆ ಹೊಗೆಮನೆ ಬೇರೆ ಎಂದ. ಒಲೆಗೆ ಗಂಡಸಿನ ತೋಳು ಬೇಕು ಎಂದ. ನನ್ನನ್ನು ತೋರಿಸಿ, ಪಟ್ಟಕ್ಕೆ ಹುಡುಗ ಇದ್ದಾನಲ್ಲ ಎಂದ. ಅದೇ ಹೊತ್ತಿಗೆ ನನಗೆ ಕೆಮ್ಮು ಬಂತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ದೊಡ್ಡಮ್ಮ ಗೋಡೆಗೆ ಹೇಳಿದಳು.

ಅಕ್ಕ ಜಗಳವಾಡಲಿಲ್ಲ. ಅವಳು ಜಗಳವಾಡದಿದ್ದರೆ ಹೆದರಬೇಕು. ಮರುದಿನ ಬೆಳಿಗ್ಗೆ ಕಿಟಕಿಯ ಕೆಳಗೆ ಒಂದು ಖಾಲಿ ಪೀಪಾಯಿ ಬಂದು ಕೂತಿತ್ತು. ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: ‘ಮಗನಿಲ್ಲದ ಹೊಗೆಮನೆ ಹಿರಿಮಗಳಿಗೆ ಸೇರಲಿ ಅನ್ನುವವರು ತಿಂದ ಮೀನಿನ ತಲೆ ಇಲ್ಲಿ ಹಾಕಿ. ಬೇಡ ಅನ್ನುವವರು ಬೆಕ್ಕಿಗೆ ಹಾಕಿ.’

ದೊಡ್ಡಪ್ಪ ಅದನ್ನು ಎರಡು ಸಲ ಓದಿದ. ಪೀಪಾಯಿಗೆ ಒದೆಯಲು ಕಾಲೆತ್ತಿದ. ಅಷ್ಟರಲ್ಲಿ ಶಾಲೆಯ ಕಡೆಯಿಂದ ಮೊದಲ ಗುಂಪು ಬಂದೇಬಿಟ್ಟಿತ್ತು, ಓದಿ ನಗುತ್ತಲೂ ಇತ್ತು. ರಾಜನ ಮಗಳ ಪರವಾಗಿ ಒಂದು ತಿಂಗಳು ಮೇಜು ಕುಟ್ಟಿದವನು ಈಗ ಪೀಪಾಯಿ ಒದೆಯುವುದು ಹೇಗೆ? ಎತ್ತಿದ ಕಾಲನ್ನು ಇಳಿಸಿ, ಬೇರೆ ದಾರಿ ಹಿಡಿದ. ಆಗಲಿ, ಆದರೆ ದೇಶದ ಕಾನೂನೇ ಇಲ್ಲಿಯ ಕಾನೂನು ಎಂದ. ಬಂದರಿನಲ್ಲಿ ಮತದ ಹಕ್ಕಿದ್ದವರು ನೂರನಲವತ್ತು. ಅರವತ್ತಮೂರು ತಲೆ ಬೀಳಬೇಕು. ಒಬ್ಬರಿಗೆ ಒಂದೇ ಮೀನು, ಇಲ್ಲೇ ನಿಂತು ತಿಂದದ್ದರ ತಲೆ ಮಾತ್ರ. ಒಳಗಿನಿಂದ ತಂದು ಸುರಿದರೆ ನಡೆಯುವುದಿಲ್ಲ. ಅರವತ್ತೆರಡಾದರೆ ಈ ಮಾತು ಮತ್ತೆ ಈ ಮನೆಯಲ್ಲಿ ಏಳಕೂಡದು.

“ಏಳಲ್ಲ. ಅರವತ್ತಮೂರಾದ್ರೆ?” ಎಂದಳು ಅಕ್ಕ.

“ಆದಾಗ ನೋಡಾಣ.”

“ಅರಮನೆಯವ್ರು ಹಂಗನ್ನಲ್ಲ ಅಪ್ಪ.”

ಜನ ಕೇಳುತ್ತಿದ್ದರು. ಅಷ್ಟಾದರೆ ಕೊಡುತ್ತೇನೆ ಎಂದು ದೊಡ್ಡಪ್ಪ ಒಪ್ಪಿಕೊಂಡ. ಪೀಪಾಯಿ ಕಾಯಲು ನನ್ನನ್ನೇ ಕೂರಿಸಿದ. ನನಗೆ ಮತವಿಲ್ಲ, ಮೇಲಾಗಿ ಕಳೆದುಕೊಳ್ಳುವವನು ನಾನು, ಆದ್ದರಿಂದ ಕಳ್ಳಲೆಕ್ಕಕ್ಕೆ ಬಿಡುವುದಿಲ್ಲ ಎಂಬುದು ಅವನ ತರ್ಕ. ಮತದಾರರ ಪಟ್ಟಿಯಲ್ಲಿ ತಿಂದವರ ಹೆಸರಿಗೆ ಗುರುತು ಹಾಕುವುದು ಒಂದು ಕೆಲಸ, ಬಿಷಪ್‌ನನ್ನು ಓಡಿಸುವುದು ಇನ್ನೊಂದು. ಬಿಷಪ್ ಎಂದರೆ ಬಂದರಿನ ದೊಡ್ಡ ಬಿಳಿ ಬೆಕ್ಕು. ಅವನು ಅಂದು ಬೆಳಗಿನಿಂದಲೇ ಬೇಡ ಎನ್ನುವವರ ಪಕ್ಷದ ಮುಖಂಡನಾಗಿದ್ದ.

ನನಗೆ ಆ ಹೊಗೆಮನೆ ಬೇಡವಾಗಿತ್ತು. ಬೇಡ ಎಂದು ಹೇಳುವ ಧೈರ್ಯ ಇರಲಿಲ್ಲ. ಹೇಳಿದರೆ ಅಪ್ಪ ಮನೆಗೆ ಸೇರಿಸುತ್ತಿರಲಿಲ್ಲ. ಅದಕ್ಕೇ ಪೀಪಾಯಿಯೊಳಗೆ ಟಪ್ ಎಂದು ಬಿದ್ದ ಪ್ರತಿ ತಲೆಗೂ ನನ್ನ ಎದೆ ಹಗುರಾಗುತ್ತಿತ್ತು, ಮುಖ ಮಾತ್ರ ಪಟ್ಟ ಹೋಗುತ್ತಿರುವವನಂತೆ ಇಟ್ಟುಕೊಂಡಿದ್ದೆ. ಅಪ್ಪ ಬಂದ. ಮೀನು ತಿಂದ. ಎಲ್ಲರಿಗೂ ಕಾಣುವಂತೆ ತಲೆಯನ್ನು ಎತ್ತಿ ಸಮುದ್ರಕ್ಕೆ ಎಸೆದ. ಎರಡು ಹೆಜ್ಜೆ ಹಿಂದಿದ್ದ ಅಮ್ಮ ತನ್ನದನ್ನು ಕರವಸ್ತ್ರದಲ್ಲಿ ಸುತ್ತಿ, ನನ್ನ ಕೆನ್ನೆ ತಟ್ಟುವ ನೆಪದಲ್ಲಿ ಬಗ್ಗಿ, ಪೀಪಾಯಿಗೆ ಬಿಟ್ಟಳು. ಕಿಟಕಿಯಲ್ಲಿ ಅಕ್ಕ ಒಬ್ಬೊಬ್ಬರಿಗೂ ಮೀನು ಕೊಡುತ್ತ ಒಂದೇ ಪ್ರಶ್ನೆ ಕೇಳುತ್ತಿದ್ದಳು: ಉಪ್ಪು ಹೇಗಿದೆ? ಅರ್ಧದಷ್ಟು ಜನ ಉತ್ತರ ಕೊಡುವ ಮೊದಲು ನೀರು ಕೇಳಿದರು.

ಸಂಜೆಗೆ ಪಾದ್ರಿ ಬಂದರು. ತಿನ್ನುತ್ತ ತಿನ್ನುತ್ತ, ತಮ್ಮ ಜೇಬುಗಡಿಯಾರ ಭಾನುವಾರ ಮಾತ್ರ ನಿಧಾನವಾಗುತ್ತದೆ, ಯಾಕಿರಬಹುದು ಎಂದರು. ಅಂಥ ಕಾಯಿಲೆ ನಾನು ಕೇಳಿರಲಿಲ್ಲ. ಮುಚ್ಚಳ ತೆಗೆದು ಕಿವಿಗೆ ಹಿಡಿದೆ. ಕಣ್ಣು ಮುಚ್ಚಿ ಕೇಳಿದೆ. ಕಣ್ಣು ಬಿಟ್ಟಾಗ ಬಿಷಪ್‌ನ ಬಾಲ ಪೀಪಾಯಿಯ ಹೊರಗೆ, ಉಳಿದ ಬಿಷಪ್ ಒಳಗೆ. ಎಳೆದು ಹಾಕಿದೆ. ಬೆಕ್ಕಿಗೆ ಚೆಲ್ಲಾಟ, ನನಗೆ ಪ್ರಾಣಸಂಕಟ.

ಎಂಟು ಗಂಟೆಗೆ, ಇನ್ನೂ ಬಿಸಿಲಿರುವಾಗ, ವೆಸ್ಟ್ ಎಂಬ ನಮ್ಮ ಶಾಲೆಯ ಮೇಷ್ಟ್ರು ಮತಪೆಟ್ಟಿಗೆಗೆ ಮುದ್ರೆ ಹಾಕಿ ಕಳಿಸಿ ನಮ್ಮ ಪೀಪಾಯಿಯ ಎಣಿಕೆಗೆ ಬಂದರು. ಊರೇ ಬಂದರುಕಟ್ಟೆಯ ಮೇಲಿತ್ತು. ಮೇಷ್ಟ್ರು ತಲೆಗಳನ್ನು ಹಲಗೆಯ ಮೇಲೆ ಹತ್ತತ್ತರ ಸಾಲಾಗಿ ಜೋಡಿಸಿದರು. ಆರು ಸಾಲು ತುಂಬಿದವು. ಆಮೇಲೆ ಒಂದು, ಎರಡು. ಪೀಪಾಯಿಯ ತಳದಿಂದ ಮೂರನೆಯದನ್ನು ತೆಗೆದು ಹಿಡಿದಾಗ ಅವರ ಹುಬ್ಬು ಮೇಲೇರಿತು. ಅರ್ಧ ತಲೆ ಇತ್ತು. ಇನ್ನರ್ಧದ ಜಾಗದಲ್ಲಿ ಹಲ್ಲಿನ ಗುರುತು ಇತ್ತು.

ಅದು ನಮ್ಮ ಓಣಿಯ ಹಾನ್ಸೀನೆ ಅಜ್ಜಿ ಎಲ್ಲರಿಗಿಂತ ಮೊದಲು ಹಾಕಿದ್ದು, ಇಡಿಯಾಗೇ ಹಾಕಿದ್ದಳು, ತಪ್ಪು ನನ್ನದು ಎಂದು ನಾನು ಹೇಳಿದೆ. ಮೇಷ್ಟ್ರು ಪ್ರಾಮಾಣಿಕ ಮನುಷ್ಯ, ಅದೇ ಅವರ ದೋಷ. ಶಾಲೆಯಲ್ಲಿ ಹರಿದ ಚೀಟಿ ಬಂದರೆ ಎಣಿಸುವ ಹಾಗಿಲ್ಲ ಎಂದರು. ದೊಡ್ಡಪ್ಪ ತಲೆಯಾಡಿಸಿ ಅರವತ್ತೆರಡು ಎಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಕ್ಕನ ಮುಖ ನೋಡಲಾಗದೆ ನಾನು ಪಾದ್ರಿಯ ಗಡಿಯಾರ ನೋಡಿದೆ. ಆ ದರಿದ್ರ ಗಡಿಯಾರ ಸರಿಯಾಗಿಯೇ ನಡೆಯುತ್ತಿತ್ತು.

ಆಗ ನನಗೇ ಗೊತ್ತಿಲ್ಲದೆ ನನ್ನ ಬಾಯಿ ತೆರೆಯಿತು. “ದೊಡ್ಡಪ್ಪ, ನಂಗೆ ಹೊಗೆ ಆಗಲ್ಲ. ಎಂದೂ ಆಗಿಲ್ಲ. ನಾನು ರಾಜ ಆದ್ರೆ ಮೊದಲನೇ ವರ್ಷವೇ ರಾಜ್ಯ ಸುಟ್ಟುಹೋಗುತ್ತೆ.”

ಅಪ್ಪ ನನ್ನ ಕಡೆ ನೋಡಿದ ನೋಟ ಈಗಲೂ ಬೆನ್ನಿನ ಮೇಲಿದೆ. ದೊಡ್ಡಪ್ಪ ಮಾತ್ರ, ಅದು ಬೇರೆ ಮಾತು, ಎಣಿಕೆ ಎಣಿಕೆಯೇ ಎಂದು ಟೋಪಿ ಸರಿಮಾಡಿಕೊಂಡ. ಅಕ್ಕ ಪಟ್ಟಿ ಕೈಗೆತ್ತಿಕೊಂಡು ಮೇಲಿನಿಂದ ಕೆಳಗೆ ಬೆರಳಾಡಿಸಿದಳು.

“ಇಲ್ಲೊಬ್ರು ಶಾಲೆಗೆ ಮೊದಲಿಗರಾಗಿ ಹೋಗಿ ಮತ ಹಾಕವ್ರೆ. ಮೀನು ಮಾತ್ರ ತಗೊಂಡಿಲ್ಲ,” ಎಂದಳು. “ಫ್ರೆಡೆರಿಕ್ ಪೀಲ್.”

ಒಳಗೆ ಹೋಗಿ ಸಲಾಕೆಯಿಂದ ಒಂದು ಬಿಸಿ ಹೆರಿಂಗ್ ತಂದು, ಕಾಗದದ ಮೇಲಿಟ್ಟು ಅವನ ಮುಂದೆ ಹಿಡಿದಳು. “ತಲೆ ಬೆಕ್ಕಿಗೇ ಹಾಕು ಅಪ್ಪ, ನಾನು ಬೇಜಾರು ಮಾಡ್ಕೊಳಲ್ಲ. ಆದ್ರೆ ತಿನ್ನು. ಎಲ್ಲರೂ ತಿಂದವ್ರೆ.”

ಆಗ ನಾನು ದೊಡ್ಡಪ್ಪನ ಮುಖ ನೋಡಿದೆ, ಐದು ನಿಮಿಷದಲ್ಲಿ ಇಪ್ಪತ್ತೆರಡು ವರ್ಷದ ಲಿವರ್ ಪೇಸ್ಟ್ ನನಗೆ ಅರ್ಥವಾಯಿತು. ಅವನಿಗೆ ಹೆರಿಂಗ್ ಸೇರುತ್ತಿರಲಿಲ್ಲ. ಮೂರು ಒಲೆಯ ಯಜಮಾನನಿಗೆ, ಚಿಕ್ಕಂದಿನಿಂದ, ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಇದು ದೊಡ್ಡಮ್ಮನಿಗೆ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು, ಇಬ್ಬರೂ ಒಂದು ದಿನವೂ ಬಾಯಿಬಿಟ್ಟಿರಲಿಲ್ಲ. ಈಗಲೂ ಬಿಡಲಿಲ್ಲ. ಊರು ಕಾಯುತ್ತಿತ್ತು. ತಿನ್ನಲಾರೆ ಎಂದರೆ ಮಾನ ಹೋಗುತ್ತದೆ, ತಿಂದರೆ ಪ್ರಾಣ ಹೋಗುತ್ತದೆ.

ತಿಂದ. ನಿಂತೇ ತಿಂದ. ಮೊದಲ ತುತ್ತಿಗೆ ಕಣ್ಣಲ್ಲಿ ನೀರು ಬಂತು. ಎರಡನೆಯದಕ್ಕೆ ಅಗಿಯುವುದು ನಿಂತಿತು. ನಾಲಿಗೆಯನ್ನು ಬಾಯಲ್ಲಿ ಒಂದು ಸುತ್ತು ತಿರುಗಿಸಿದ. ಇನ್ನೊಂದು ಚೂರು ಕಿತ್ತು, ಈ ಸಲ ನಿಧಾನವಾಗಿ, ಅಕ್ಕಸಾಲಿಗ ಚಿನ್ನ ಉಜ್ಜಿ ನೋಡುವ ಹಾಗೆ ರುಚಿ ನೋಡಿದ. ಇಡೀ ಮೀನು ಮುಗಿಸಿದ. ಕೈಯಲ್ಲಿ ತಲೆ ಉಳಿಯಿತು. ಕಾಲಬಳಿ ಬಿಷಪ್ ಬಂದು ಕೂತಿದ್ದ.

“ಉಪ್ಪು ಹೆಚ್ಚಾಯ್ತು,” ಎಂದ ದೊಡ್ಡಪ್ಪ.

“ಎಷ್ಟು?” ಎಂದಳು ಅಕ್ಕ.

ಅವನು ತಲೆಯನ್ನು ಕೈಯಲ್ಲೇ ತಿರುಗಿಸಿ ನೋಡಿದ. “ಕಾಲುಭಾಗ,” ಎಂದ. ಆಮೇಲೆ ಬೆಕ್ಕನ್ನು ಕಾಲಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿ, ತಲೆಯನ್ನು ಪೀಪಾಯಿಗೆ ಹಾಕಿದ. ಹಾಕಿದವನೇ ಹೊಗೆಮನೆಯ ಹಿಂದಕ್ಕೆ ಓಡಿದ. ಅಲ್ಲಿ ಏನು ನಡೆಯಿತು ಎಂದು ಊರಿನವರು ಕೇಳಿಸಿಕೊಂಡರೂ ಕೇಳಿಸಲಿಲ್ಲ ಎಂದರು. ಅಷ್ಟು ಮರ್ಯಾದೆ ನಮ್ಮ ಬಂದರಿಗಿದೆ.

ಮರುದಿನ ರೇಡಿಯೋದಲ್ಲಿ ದೇಶದ ಲೆಕ್ಕ ಬಂತು. ನೂರಕ್ಕೆ ನಲವತ್ತೈದು, ಮೇಲೆ ಚೂರುಪಾರು. ರಾಜನ ಮಗಳೂ ಕೂದಲೆಳೆಯಲ್ಲಿ ಗೆದ್ದಿದ್ದಳು. ಅಲ್ಲಿ ಯಾರು ಏನು ತಿಂದರೋ ಗೊತ್ತಿಲ್ಲ.

ಉಪ್ಪು ಕಡಿಮೆಯಾದ ಮೇಲೆ ಪೀಲ್ ಹೆರಿಂಗ್ ಕೊಳ್ಳಲು ದ್ವೀಪದ ಆಚೆ ಬದಿಯಿಂದ ಜನ ಸೈಕಲ್ ತುಳಿದು ಬಂದರು. ಐದು ವರ್ಷಕ್ಕೆ ದೊಡ್ಡಪ್ಪ ಕೀಲಿಕೈ ಅವಳಿಗೆ ಕೊಟ್ಟ. ಅಂದು ಏಣಿ ಹತ್ತಿ ಎಫ್ ಇಳಿಸಿ ಸಿ ತೂಗಿಸಿದ. ಡಾಗ್ಮಾರ್‌ಗೆ ಡಿ ಬೇಡವೇ ಎಂದು ಕೇಳಿದರೆ, ರಾಜರಲ್ಲಿ ಡಿ ಇಲ್ಲ, ಇವಳೇ ಈ ಮನೆಯ ಕ್ರಿಶ್ಚಿಯನ್ ಎಂದ. ಅಕ್ಕ ಬಿಟ್ಟುಕೊಟ್ಟಳು. ಸಣ್ಣದರಲ್ಲಿ ಸೋಲುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಅಷ್ಟೇ ಅಲ್ಲ, ಅದರಿಂದ ಲಾಭವನ್ನೂ ಮಾಡಿಕೊಂಡಳು. ಮೀನು ಚೆನ್ನಾಗಿದೆ ಎಂದು ಹೇಳಲು ಬಂದವರಿಗೆ ಆ ಸಿ ನಾನೇ ಎನ್ನುತ್ತಿದ್ದಳು. ಮುಳ್ಳು ಸಿಕ್ಕಿಕೊಂಡಿತು, ಬೆಲೆ ಜಾಸ್ತಿ ಎಂದು ರೇಗಿ ಬಂದವರಿಗೆ, ಕ್ರಿಶ್ಚಿಯನ್ ಆ ಬೀದಿಯ ಗಡಿಯಾರದ ಅಂಗಡಿಯಲ್ಲಿ ಕೂತಿರುತ್ತಾನೆ ಎಂದು, ಅಷ್ಟರಲ್ಲಿ ಗಡಿಯಾರ ರಿಪೇರಿಗೆ ಇಳಿದಿದ್ದ ನನ್ನಲ್ಲಿಗೆ ಕಳಿಸುತ್ತಿದ್ದಳು. ಹಾಗೆ ಬಂದವರಲ್ಲಿ ಒಬ್ಬಳನ್ನು ನಾನು ಮದುವೆಯಾದೆ, ಆ ತಕರಾರು ಇನ್ನೂ ತೀರಿಲ್ಲ.

ಎಪ್ಪತ್ತೆರಡರ ಜನವರಿಯಲ್ಲಿ ರಾಜ ತೀರಿಕೊಂಡ. ಮಗಳು ಪಟ್ಟಕ್ಕೆ ಬಂದಳು. ದೊಡ್ಡಪ್ಪನಿಗೆ ಆಗ ಎಂಬತ್ತರ ಹತ್ತಿರ, ಹಾಸಿಗೆ ಹಿಡಿದಿದ್ದ, ಡಾಕ್ಟರು ಡಿಸೆಂಬರಿನಲ್ಲೇ ಕೈಬಿಟ್ಟಿದ್ದರು. ರಾಜನಿಗಿಂತ ಮೊದಲು ಹೋಗುವುದು ಅವಮರ್ಯಾದೆ ಎಂದು ಕಾದಿದ್ದನೇನೋ. ಹೊಸ ರಾಣಿಯ ಅಪ್ಪನೂ ಫ್ರೆಡೆರಿಕ್, ಮಗನೂ ಫ್ರೆಡೆರಿಕ್, ಅಂದಮೇಲೆ ಸರದಿಯಲ್ಲಿ ಕ್ರಿಶ್ಚಿಯನ್ ಜಾಗ ರಾಣಿಯದೇ ಎಂದು ಯಾರೋ ಹೇಳಿದ್ದು ಅವನ ಕಿವಿಗೆ ಬಿತ್ತು. ನಾನು ಹದಿನಾಲ್ಕು ವರ್ಷ ಹಿಂದೆಯೇ ಇದನ್ನು ಕಂಡುಹಿಡಿದೆ, ಅವರು ಈಗ ಕಲಿತರು ಎಂದ.

ಅದಾಗಿ ಎರಡು ವಾರಕ್ಕೆ ನನ್ನನ್ನೂ ಅಕ್ಕನನ್ನೂ ಕರೆಸಿದ. ಒಂದು ಹೆರಿಂಗ್ ಬೇಕು ಎಂದ. ದೊಡ್ಡಮ್ಮ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟಳು. ಅಕ್ಕ ಬೇಡ ಅಪ್ಪ, ಆಗಲ್ಲ ನಿಂಗೆ ಎಂದಳು, ಆದರೂ ತಂದಳು, ಮುಳ್ಳು ಬಿಡಿಸಿ ಚೂರುಚೂರಾಗಿ ಬಾಯಿಗಿಟ್ಟಳು. ಅವನು ನಾಲ್ಕೈದು ಚೂರು ತಿಂದ. ಈ ಸಲ ಕಣ್ಣೀರು ಬಂದದ್ದು ನಮಗೆ. ಮೊದಲಿನ ಹಾಗೆಯೇ ನಾಲಿಗೆ ತಿರುಗಿಸಿ ಪರೀಕ್ಷೆ ಮಾಡಿದ.

“ಈಗ ಸರಿ ಐತೆ,” ಎಂದ.

ತಟ್ಟೆಯ ಕಡೆ ಕೈಚಾಚಿ ಮೀನಿನ ತಲೆಯನ್ನು ಎತ್ತಿಕೊಂಡ. ಬೆರಳುಗಳಲ್ಲಿ ಹಿಡಿದು ಕೋಣೆಯನ್ನೆಲ್ಲ ಒಮ್ಮೆ ಹುಡುಕಿದ.

“ಪೀಪಾಯಿ ಎಲ್ಲವ್ವಾ?” ಎಂದು ಕೇಳಿದ.

ಅಕ್ಕ ಎರಡೂ ಕೈ ಸೇರಿಸಿ ಅವನ ಮುಂದೆ ಒಡ್ಡಿದಳು, ಅವನು ತಲೆಯನ್ನು ಅದರಲ್ಲಿ ಹಾಕಿದ.